ಸಂಜೆ ನಾಲ್ಕರ ವ್ಯಾಪಾರ, ಬೆಳಿಗ್ಗೆ ಹತ್ತರ ಕಚೇರಿ

ಅವ್ವನ ಉದ್ರಿ ಪುಸ್ತಕದ ಕೊನೇ ಪುಟದಲ್ಲಿ ಹದಿನೇಳು ಗೆರೆಗಳಿವೆ. ಅವು ಗಿರಾಕಿಗಳ ಬಾಕಿಯಲ್ಲ, ನನ್ನ ಓಡಾಟದ ಲೆಕ್ಕ. ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಏನನ್ನಾದರೂ ಬರೆದಿಡುವ ಚಟ ಅಲ್ಲಿಂದ ಅಂಟಿದ್ದು. ಅವ್ವನ ಮಂಡಕ್ಕಿ ಮಿರ್ಚಿ ಗಾಡಿಯನ್ನು ಮಳಿಗೆ ಮಾಡಬೇಕು ಅಂತ ಹೊರಟಾಗ ಎಷ್ಟು ಸಲ ಎಲ್ಲೆಲ್ಲಿಗೆ ಹೋದೆ ಅನ್ನೋದನ್ನೂ ಹಾಗೇ ಬರೆದಿಟ್ಟೆ.

ದಾವಣಗೆರೆಯವರಿಗೆ ಮಂಡಕ್ಕಿ ಮಿರ್ಚಿ ಅಂದರೆ ಏನು ಅಂತ ಹೇಳಬೇಕಿಲ್ಲ. ಹೊರಗಿನವರು ಬಂದರೆ ಬೆಣ್ಣೆ ದೋಸೆ ತಿಂದು ಹೋಗುತ್ತಾರೆ. ಊರಿನವರ ಸಂಜೆ ಮಾತ್ರ ಮಂಡಕ್ಕಿಯದು. ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ಪುಟಾಣಿ ಪುಡಿ ಹಾಕಿದ ನರ್ಗಿಸ್, ಪಕ್ಕದಲ್ಲಿ ಬಿಸಿ ಮಿರ್ಚಿ. ಮಂಡಕ್ಕಿ ಭಟ್ಟಿಗಳೂ ನಮ್ಮೂರಲ್ಲೇ ಇವೆ. ಬಿಸಿ ಮರಳಲ್ಲಿ ಅಕ್ಕಿ ಅರಳಿ ಚೀಲಕ್ಕೆ ಬಿದ್ದ ದಿನವೇ ನಮ್ಮ ಗಾಡಿಗೆ ಬರುತ್ತದೆ. ಬೆಳಿಗ್ಗೆ ಯಾರೂ ಮಿರ್ಚಿ ತಿನ್ನೋದಿಲ್ಲ. ಅವ್ವ ಗಾಡಿ ಹೊರಡಿಸುವುದು ಮೂರೂವರೆಗೆ, ಬಾಣಲೆ ಕಾಯುವುದು ನಾಲ್ಕಕ್ಕೆ, ವ್ಯಾಪಾರ ಜೋರಾಗುವುದು ಆರರ ಮೇಲೆ. ರಾತ್ರಿ ಒಂಬತ್ತೂವರೆಗೆ ಬಾಣಲೆ ಇಳಿಸುತ್ತಾಳೆ.

ಈ ಹೊತ್ತಿನ ವಿಷಯ ಯಾಕೆ ಹೇಳಿದೆ ಅಂದರೆ, ನಮ್ಮ ಎಲ್ಲ ಪಾಡಿಗೂ ಮೂಲ ಅದೇ.

ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರಲ್ಲಿ ಒಂದು ಕಾಯ್ದೆ ಬಂತು. ಐದು ವರ್ಷಕ್ಕೊಮ್ಮೆಯಾದರೂ ಊರಿನ ವ್ಯಾಪಾರಿಗಳ ಸಮೀಕ್ಷೆ ಮಾಡಬೇಕು, ಲೆಕ್ಕಕ್ಕೆ ಸಿಕ್ಕವರಿಗೆ ಪ್ರಮಾಣಪತ್ರ ಕೊಡಬೇಕು, ಜಾಗ ಗುರುತಿಸಬೇಕು ಅಂತ ಅದರಲ್ಲಿದೆ. ನಮ್ಮ ಬೀದಿಗೂ ಸಮೀಕ್ಷೆಯವರು ಬಂದಿದ್ದರು. ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ಅಲ್ಲಿ ಇದ್ದವರು ತರಕಾರಿಯವರು, ಹೂವಿನವರು, ಎಳನೀರಿನವನು. ನಮ್ಮ ಗಾಡಿ ನಿಲ್ಲುವ ಜಾಗದಲ್ಲಿ ಒಂದು ಬೈಕ್ ನಿಂತಿತ್ತಂತೆ. ಅವರು ಇದ್ದವರನ್ನು ಬರೆದುಕೊಂಡು ಹೋದರು. ಮಿರ್ಚಿಯವರು, ಪಾನಿಪುರಿಯವರು, ಎಗ್‌ರೈಸ್‌ನವರು ಯಾರೂ ಪಟ್ಟಿಗೆ ಬರಲಿಲ್ಲ. ಹತ್ತು ವರ್ಷಕ್ಕೂ ಜಾಸ್ತಿ ಅದೇ ಜಾಗದಲ್ಲಿ ನಿಂತವಳು ಕಾಗದದ ಪ್ರಕಾರ ಅಲ್ಲಿ ಇರಲೇ ಇಲ್ಲ.

"ಕೂಗಿದ್ರೆ ಮನೆಯಿಂದ ಬರ್ತಿದ್ದೆನಲ್ಲೋ" ಅಂತ ಅವ್ವ ಎರಡು ದಿನ ಗೊಣಗಿದಳು. ಆಮೇಲೆ ಮರೆತಳು. ಆ ಪಟ್ಟಿಯಿಂದ ಏನು ಉಪಯೋಗ ಅಂತ ಆಗ ನಮಗೂ ಗೊತ್ತಿರಲಿಲ್ಲ.

ಗೊತ್ತಾದದ್ದು 2020ರಲ್ಲಿ. ಲಾಕ್‌ಡೌನಲ್ಲಿ ಗಾಡಿ ಮನೆ ಮುಂದೆ ನಿಂತು ಚಕ್ರಕ್ಕೆ ತುಕ್ಕು ಹಿಡಿಯಿತು. ಇಟ್ಟುಕೊಂಡ ಬಂಡವಾಳ ಊಟಕ್ಕೆ ಹೋಯಿತು. ಆ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ ಶುರುವಾಯಿತು. ಆಗ ಮೊದಲ ಸಲ 10,000, ಅದನ್ನು ಸರಿಯಾಗಿ ತೀರಿಸಿದರೆ 20,000, ಆಮೇಲೆ 50,000 ಕೊಡುತ್ತಿದ್ದರು. ಒತ್ತೆ ಏನೂ ಬೇಡ, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇಕಡ 7ರ ದರದಷ್ಟು ಬಡ್ಡಿ ವಾಪಸ್ ಖಾತೆಗೆ ಬರುತ್ತದೆ. ಆದರೆ ಗುರುತಿನ ಚೀಟಿ ಬೇಕು. ಚೀಟಿಗೆ ಪಟ್ಟಿಯಲ್ಲಿ ಹೆಸರು ಬೇಕು.

ಪಟ್ಟಿಯಲ್ಲಿ ಇಲ್ಲದವರಿಗೆ ಶಿಫಾರಸು ಪತ್ರದ ದಾರಿ ಇತ್ತು. ಸ್ಥಳೀಯವಾಗಿ ವಿಚಾರಣೆ ಮಾಡಿ, ಇವರು ನಿಜಕ್ಕೂ ವ್ಯಾಪಾರಿ ಅಂತ ಬರೆದುಕೊಡುವುದು. ನಮ್ಮ ಅದೃಷ್ಟ, ಆ ಪತ್ರಕ್ಕೆ ವಿಚಾರಿಸಲು ಬಂದ ಹುಡುಗಿ ಮಧ್ಯಾಹ್ನವೇ ಫೋನ್ ಮಾಡಿ "ಅಮ್ಮಾ, ಗಾಡಿ ಎಷ್ಟೊತ್ತಿಗೆ ಹಾಕ್ತೀರಿ?" ಅಂತ ಕೇಳಿಕೊಂಡೇ ಬಂದಳು. ಐದು ಗಂಟೆಗೆ ಬಂದು, ಬಾಣಲೆ ಮುಂದೆ ನಿಂತ ಅವ್ವನ ಫೋಟೋ ತೆಗೆದುಕೊಂಡು, ಪಕ್ಕದ ಮೆಡಿಕಲ್ ಶಾಪ್‌ನವರನ್ನು ಎರಡು ಮಾತು ಕೇಳಿ ಹೋದಳು. ಪತ್ರ ಬಂತು. ಸಾಲವೂ ಬಂತು. ತಿಂಗಳಿಗೆ ಒಂಬೈನೂರು ಚಿಲ್ಲರೆಯಂತೆ ಹನ್ನೆರಡು ಕಂತು ಕಟ್ಟಿದೆವು. ಕ್ಯೂಆರ್ ಅಂಟಿಸಿದ ಮೇಲೆ ಬರುವ ಕ್ಯಾಶ್‌ಬ್ಯಾಕ್ ದುಡ್ಡು ಬಂದ ದಿನ ಅವ್ವ ನನ್ನನ್ನು ಕೂರಿಸಿಕೊಂಡು "ಇದು ಯಾರ ದುಡ್ಡು, ನಾವೇನಾದ್ರೂ ವಾಪಸ್ ಕೊಡ್ಬೇಕಾ" ಅಂತ ಮೂರು ಸಲ ಕೇಳಿದಳು.

ಗಾಡಿಯ ಕಥೆ ಅಷ್ಟಕ್ಕೆ ಸಲೀಸಾಗಿತ್ತು. ತೊಡಕು ಶುರುವಾದದ್ದು ಮಳಿಗೆ ಆಸೆ ಹುಟ್ಟಿದ ಮೇಲೆ.

2023ರ ಆಗಸ್ಟ್. ಅವ್ವನ ಮಂಡಿ ನೋವು ಜಾಸ್ತಿಯಾಗಿತ್ತು, ಗಾಡಿ ತಳ್ಳಲು ಆಗುತ್ತಿರಲಿಲ್ಲ. ನಿಟ್ಟುವಳ್ಳಿ ಕಡೆ ನಿವೃತ್ತ ಮೇಷ್ಟ್ರೊಬ್ಬರ ಮನೆ ಮುಂಭಾಗದಲ್ಲಿ ಹತ್ತು ಹನ್ನೆರಡರ ಒಂದು ಕೋಣೆ ಇತ್ತು. ಮೊದಲು ಮಗನ ಓದೋ ಕೋಣೆಯಾಗಿತ್ತಂತೆ. ಅವನು ಬೆಂಗಳೂರು ಸೇರಿದ ಮೇಲೆ ಶಟರ್ ಹಾಕಿಸಿದ್ದರು. ಬಾಡಿಗೆ 4,500. ಎರಡನೇ ಕಂತಿನ 20,000 ಸಾಲದಲ್ಲಿ ಸ್ಟೀಲ್ ಕೌಂಟರ್ ಮಾಡಿಸಿದ್ದಾಗಿತ್ತು.

ಸಣ್ಣ ಕೆಲಸಗಳು ಮೊದಲು ಮುಗಿದವು. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ರಾತ್ರಿ ಊಟ ಆದಮೇಲೆ ಫೋನಲ್ಲೇ ಆಯಿತು. ಆಧಾರ್, ಪ್ಯಾನ್ ಇದ್ದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಆದರೆ ಹುಡುಕಿದಾಗ ಮೊದಲು ಕಾಣುವ ವೆಬ್‌ಸೈಟ್ ಸರ್ಕಾರದ್ದೇ ಅಂತ ನಂಬಬೇಡಿ. ನಾನು ಒಂದರಲ್ಲಿ ಎಲ್ಲಾ ತುಂಬಿ ಕೊನೆಗೆ ಎರಡು ಸಾವಿರ ಕಟ್ಟು ಅಂದಾಗ ಎಚ್ಚೆತ್ತೆ. ತಿಂಡಿ ಮಾರುವವರಿಗೆ ಬೇಕಾದ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಹಾಗೇ. ವರ್ಷದ ವಹಿವಾಟು 12 ಲಕ್ಷದ ಒಳಗಿದ್ದ ನಮ್ಮಂಥವರಿಗೆ ಆಗ ವರ್ಷಕ್ಕೆ 100 ರೂಪಾಯಿ ಇತ್ತು. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದೆ. ಹದಿನಾಲ್ಕು ಅಂಕಿಯ ನಂಬರ್ ಬಂತು. ಅವ್ವ ಅದನ್ನು ದೇವರ ಪಟದ ಪಕ್ಕ ತೂಗುಹಾಕಿಸಿದಳು.

ಉಳಿದದ್ದು ಒಂದೇ, ಮಹಾನಗರ ಪಾಲಿಕೆ ಕೊಡುವ ಉದ್ದಿಮೆ ಪರವಾನಗಿ. ಜನ ಅನ್ನೋ ಹಾಗೆ ಟ್ರೇಡ್ ಲೈಸೆನ್ಸ್. ಅದು ಸುಮ್ನೆ ಗೋಡೆಗೆ ಹಾಕುವ ಕಾಗದವಲ್ಲ. ಗಾಡಿಯಲ್ಲಿ ನಾವು ಐದು ಕೆಜಿಯ ಸಣ್ಣ ಸಿಲಿಂಡರ್ ಬಳಸುತ್ತಿದ್ದೆವು. ಮಳಿಗೆಗೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ಬೇಕು ಅಂದರೆ ಏಜೆನ್ಸಿಯವರು ಲೈಸೆನ್ಸ್ ಕೇಳಿದರು. ಅಂಗಡಿ ಹೆಸರಲ್ಲಿ ಖಾತೆ ತೆರೆಯಲು ಹೋದರೆ ಬ್ಯಾಂಕಿನಲ್ಲೂ ಅದೇ ಪ್ರಶ್ನೆ.

ಲೈಸೆನ್ಸಿಗೆ ಅರ್ಜಿ ಆನ್‌ಲೈನಲ್ಲೇ ಹಾಕಬಹುದು. ಹಾಕಿದೆ. ಆಮೇಲೆ ನಡೆದದ್ದನ್ನು ಹೇಳುವಾಗ ಯಾರ ಮೇಲೂ ಸಿಟ್ಟಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಯಾರೂ ದುಡ್ಡು ಕೇಳಲಿಲ್ಲ. ಯಾರೂ ಒರಟಾಗಿ ಮಾತಾಡಲಿಲ್ಲ. ಆದರೂ ಏಳು ಸಲ ಪಾಲಿಕೆಯ ಆ ಕೌಂಟರಿಗೆ ಹೋದೆ.

ಮೊದಲ ಸಲ, ಮನೆ ಕಂದಾಯದ ರಸೀದಿ ಬೇಕು ಅಂದರು. ತಂದೆ. ಎರಡನೇ ಸಲ, ಇದು ಹೋದ ವರ್ಷದ್ದು, ಈ ವರ್ಷದ್ದು ಬೇಕು ಅಂದರು. ಮೇಷ್ಟ್ರು ಇನ್ನೂ ಕಟ್ಟಿರಲಿಲ್ಲ. ಏಪ್ರಿಲ್‌ನಲ್ಲಿ ಕಟ್ಟಿದ್ದರೆ ಶೇಕಡ 5 ರಿಯಾಯಿತಿ ಸಿಗುತ್ತಿತ್ತು, ಈಗ ದಂಡದ ಸಮೇತ ಕಟ್ಟಬೇಕು. ಮೂರನೇ ಸಲ, ಬಾಡಿಗೆ ಕರಾರಿನಲ್ಲಿ ಹಳೇ ಡೋರ್ ನಂಬರ್ ಇದೆ, ರಸೀದಿಯಲ್ಲಿ ಹೊಸ ನಂಬರ್ ಇದೆ, ಎರಡೂ ತಾಳೆಯಾಗಬೇಕು ಅಂದರು. ಮತ್ತೆ ಛಾಪಾ ಕಾಗದ, ಮತ್ತೆ ನೋಟರಿ. ಹೇಳಿದ್ದರಲ್ಲಿ ಒಂದೂ ತಪ್ಪಲ್ಲ. ಆದರೆ ಮೂರನ್ನೂ ಮೊದಲ ದಿನವೇ ಹೇಳಬಹುದಿತ್ತು, ಅಲ್ವಾ? ಕಾಗದಗಳೆಲ್ಲ ಅವರ ಮುಂದೆಯೇ ಇದ್ದವು. ಮೊದಲು ಕಂಡ ತಪ್ಪಿಗೇ ಕಣ್ಣು ನಿಲ್ಲುತ್ತಿತ್ತು, ಅದರ ಕೆಳಗಿನದನ್ನು ನೋಡುವ ಪದ್ಧತಿ ಇರಲಿಲ್ಲ. ನಮ್ಮ ದಲ್ಲಾಳಿ ಅಂಗಡಿಯಲ್ಲಿ ರೈತನ ಚೀಲ ನೋಡುವಾಗ ತೇವ, ಕಸ, ತೂಕ ಮೂರನ್ನೂ ಒಂದೇ ಸಲಕ್ಕೆ ನೋಡಿ ಹೇಳುತ್ತೇವೆ. ಒಂದೊಂದು ದಿನ ಒಂದೊಂದು ಹೇಳಿದರೆ ರೈತ ಚೀಲ ಹೊತ್ತು ಬೇರೆ ಅಂಗಡಿಗೆ ಹೋಗುತ್ತಾನೆ. ಈ ಕೌಂಟರಿಗೆ ಬೇರೆ ಅಂಗಡಿ ಇಲ್ಲ.

ನಾಲ್ಕನೇ ಸಲ ಬಂದದ್ದು ನಿಜವಾದ ಗಂಟು. ಅರ್ಜಿ ವಾಪಸ್ ಬಂದಿತ್ತು. ಕಾರಣದ ಜಾಗದಲ್ಲಿ 'ಬಳಕೆ: ವಾಸ' ಅಂತ ಎರಡೇ ಪದ. ಕೇಳಿದ್ದಕ್ಕೆ, ಕಂದಾಯದ ದಾಖಲೆಯಲ್ಲಿ ಆ ಕೋಣೆ ಇನ್ನೂ ವಾಸದ ಮನೆ ಅಂತಲೇ ಇದೆ, ಅಲ್ಲಿ ವ್ಯಾಪಾರಕ್ಕೆ ಪರವಾನಗಿ ಕೊಡಲು ಬರೋದಿಲ್ಲ, ಮಾಲೀಕರು ಬದಲಾಯಿಸಿಕೊಳ್ಳಲಿ ಅಂದರು.

ಮೇಷ್ಟ್ರ ಮನೆಗೆ ಹೋದೆ. ಕಾಫಿ ಕೊಟ್ಟರು. ವಿಷಯ ಹೇಳಿದ ಕೂಡಲೇ ಮುಖ ಸಣ್ಣದಾಯಿತು.

"ನೋಡಪ್ಪಾ, ನಾನು ಪೆನ್ಷನ್‌ದಾರ. ವಾಣಿಜ್ಯ ಅಂತ ಬರೆಸಿದ್ರೆ ಇಡೀ ಮನೆಗೆ ಕಂದಾಯ ಏರಿಸಿಬಿಡ್ತಾರೆ. ಕರೆಂಟಿಗೂ ಕಮರ್ಷಿಯಲ್ ಮೀಟರ್ ಹಾಕಿಸು ಅಂತಾರೆ. ಲೈಸೆನ್ಸ್ ಇಲ್ದೇ ಎಷ್ಟು ಜನ ನಡೆಸ್ತಿಲ್ಲ? ಹಂಗೇ ನಡೆಸಿ."

ಇದು ನನಗೆ ಹೊಳೆದೇ ಇರಲಿಲ್ಲ. ಊರಲ್ಲಿ ಇಷ್ಟೊಂದು ಸಣ್ಣ ಅಂಗಡಿಗಳು ಲೈಸೆನ್ಸ್ ಇಲ್ಲದೆ ಯಾಕೆ ನಡೆಯುತ್ತವೆ ಅಂದರೆ ಅಂಗಡಿಯವರಿಗೆ ಉದಾಸೀನ ಅಂದುಕೊಂಡಿದ್ದೆ. ಲೈಸೆನ್ಸ್ ಬೇಕಾದವರು ಬಾಡಿಗೆದಾರರು, ಅದಕ್ಕೆ ಹೆಚ್ಚು ಕಂದಾಯ ಕಟ್ಟಬೇಕಾದವರು ಮಾಲೀಕರು. ಒಬ್ಬರ ಕಾಗದಕ್ಕೆ ಇನ್ನೊಬ್ಬರ ಜೇಬು. ಯಾವ ಅರ್ಜಿ ನಮೂನೆಯಲ್ಲೂ ಇದನ್ನು ಬರೆದಿರುವುದಿಲ್ಲ.

ಎರಡು ವಾರ ಹಾಗೇ ಹೋಯಿತು. ಅಷ್ಟರಲ್ಲಿ ಅಕ್ಟೋಬರ್ ಬಂತು. ಮೆಕ್ಕೆಜೋಳ ಮಾರುಕಟ್ಟೆಗೆ ಬರೋ ಕಾಲದಲ್ಲಿ ನಮ್ಮ ಮಾಲೀಕರು ಯಾರಿಗೂ ರಜೆ ಕೊಡೋದಿಲ್ಲ, ಕೇಳುವುದೂ ಸರಿಯಲ್ಲ. ಡಿಸೆಂಬರ್ ಕೊನೆಯವರೆಗೆ ಕಡತ ಮುಚ್ಚಿಟ್ಟೆ. ಬಾಡಿಗೆ ಮಾತ್ರ ನವೆಂಬರಿನಿಂದ ಶುರುವಾಗಿತ್ತು. ಶಟರ್ ಮುಚ್ಚಿದ ಮಳಿಗೆ ಮುಂದೆ ಅದೇ ಹಳೇ ಗಾಡಿ ನಿಲ್ಲಿಸಿ ಅವ್ವ ಮಿರ್ಚಿ ಕರಿಯುತ್ತಿದ್ದಳು. ಹೋಗೋ ಬರೋರೆಲ್ಲ ಯಾಕಕ್ಕಾ ಒಳಗೆ ಹೋಗ್ಲಿಲ್ವಾ ಅಂತ ಕೇಳೋದು, ಅವಳು "ಒಳ್ಳೇ ದಿನ ನೋಡ್ತಿದೀವಿ" ಅನ್ನೋದು.

ಜನವರಿಯಲ್ಲಿ ಒಂದು ಭಾನುವಾರ ಕ್ಯಾಲ್ಕ್ಯುಲೇಟರ್ ಹಿಡಿದುಕೊಂಡು ಮೇಷ್ಟ್ರ ಎದುರು ಕೂತೆ. ನಮ್ಮಲ್ಲಿ ಆಸ್ತಿ ತೆರಿಗೆ ಸ್ವಯಂ ಘೋಷಣೆಯದು, ಮಾಲೀಕರೇ ಅಳತೆ, ಬಳಕೆ ತುಂಬಿ ಲೆಕ್ಕ ಹಾಕುವುದು. ಇಡೀ ಮನೆಯನ್ನು ವಾಣಿಜ್ಯ ಅಂತ ತೋರಿಸಬೇಕಿಲ್ಲ, ನೂರಿಪ್ಪತ್ತು ಚದರಡಿಯ ಆ ಕೋಣೆಯೊಂದನ್ನು ಬೇರೆ ತೋರಿಸಿದರೆ ಸಾಕು ಅಂತ ಕಂದಾಯ ಕಟ್ಟುವಲ್ಲಿಯ ಹಿರಿಯ ಗುಮಾಸ್ತರೊಬ್ಬರು ತುಂಡು ಕಾಗದದ ಮೇಲೆ ಬರೆದುಕೊಟ್ಟಿದ್ದರು. ಆ ತುಂಡು ಕಾಗದ ಇಟ್ಟುಕೊಂಡು ಲೆಕ್ಕ ಹಾಕಿದರೆ ವ್ಯತ್ಯಾಸ ವರ್ಷಕ್ಕೆ 1,100 ರೂಪಾಯಿ ಆಸುಪಾಸು ಬಂತು. ಮೇಷ್ಟ್ರು ಮನಸ್ಸಲ್ಲಿ ಹತ್ತು ಸಾವಿರ ಅಂದುಕೊಂಡು ಕೂತಿದ್ದರು.

"ಇಷ್ಟೇನಾ?" ಅಂದರು.

"ಇಷ್ಟೇ ಸಾರ್. ಬಾಡಿಗೆಗೆ ತಿಂಗಳಿಗೆ ನೂರು ಸೇರಿಸ್ತೀವಿ. ಕರೆಂಟಿಗೆ ಬೇರೆ ಮೀಟರ್ ನಮ್ಮ ಖರ್ಚಲ್ಲಿ."

ಮೇಷ್ಟ್ರು ಲೆಕ್ಕವನ್ನು ಇನ್ನೊಂದು ಸಲ ತಾವೇ ಹಾಕಿ ನೋಡಿದರು. ಗಣಿತದ ಮೇಷ್ಟ್ರು. ಒಪ್ಪಿದರು. ಐದು ತಿಂಗಳು ನಿಂತಿದ್ದ ಕೆಲಸ ಒಂದು ತುಂಡು ಕಾಗದದಿಂದ ಹೊರಟಿತು. ಅದನ್ನು ಅಚ್ಚು ಹಾಕಿಸಿ ಕೌಂಟರಿನ ಗೋಡೆಗೆ ಅಂಟಿಸಿದರೆ ಎಷ್ಟು ಮಳಿಗೆಗಳ ಶಟರ್ ಮೇಲೇಳುತ್ತವೋ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಹೊಸ ಅರ್ಜಿ ಹಾಕಿದೆ. ಇಲ್ಲಿ ಸಕಾಲದ ಬಗ್ಗೆ ಎರಡು ಮಾತು. ಕರ್ನಾಟಕದಲ್ಲಿ 2012ರ ಏಪ್ರಿಲಿನಿಂದ ಈ ಕಾಯ್ದೆ ಜಾರಿಯಲ್ಲಿದೆ. ಇಂಥ ಸೇವೆಗೆ ಇಷ್ಟು ದಿನ ಅಂತ ಗೊತ್ತು ಮಾಡಿದ್ದಾರೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಒಳ್ಳೇ ಕಾಯ್ದೆ. ನಮಗಾದದ್ದು ಏನೆಂದರೆ, ಅರ್ಜಿ ವಾಪಸ್ ಬಂದರೆ ಹಳೇ ಸಂಖ್ಯೆ ಮುಗಿಯಿತು. ಹೊಸ ಅರ್ಜಿಗೆ ಹೊಸ ಸಂಖ್ಯೆ, ದಿನದ ಎಣಿಕೆ ಮತ್ತೆ ಒಂದರಿಂದ. ನನ್ನ ಪುಸ್ತಕದಲ್ಲಿ ಆರು ತಿಂಗಳು. ಅವರ ಪುಸ್ತಕದಲ್ಲಿ ಒಂದು ದಿನವೂ ತಡವಿಲ್ಲ. ಇಬ್ಬರ ಲೆಕ್ಕವೂ ಸರಿ.

ಇನ್ನು ತಪಾಸಣೆ. ಆರೋಗ್ಯ ನಿರೀಕ್ಷಕರು ಬಂದರು. ಯಾವಾಗ ಅಂತ ಕೇಳಬೇಡಿ. ಬೆಳಿಗ್ಗೆ ಹನ್ನೊಂದೂವರೆಗೆ. ಶಟರ್ ಮುಚ್ಚಿತ್ತು. ಬೀಗ ಹಾಕಿದೆ ಅಂತ ಬರೆದುಕೊಂಡು ಹೋದರು. ಎರಡು ದಿನ ಬಿಟ್ಟು ಮತ್ತೆ ಅದೇ ಹೊತ್ತಿಗೆ ಬಂದರು, ಮತ್ತೆ ಬೀಗ. ಪಕ್ಕದ ಟೈಲರ್ ಅಣ್ಣ ನನಗೆ ಫೋನ್ ಮಾಡಿ ಹೇಳಿದ ಮೇಲೆ ಗೊತ್ತಾಯಿತು. ಸಮೀಕ್ಷೆಯ ದಿನದ್ದೇ ನೆನಪು ಬಂತು. ಈ ಸಲ ಬಿಡಬಾರದು ಅಂತ ಅವ್ವನೇ ನಂಬರ್ ತಗೊಂಡು ಫೋನ್ ಮಾಡಿದಳು.

"ಸಾರ್, ನಾವು ಸಂಜೆ ವ್ಯಾಪಾರದೋರು. ಬೆಳಿಗ್ಗೆ ನೀವು ಏನ್ ನೋಡ್ತೀರಿ, ಶಟರ್ ನೋಡ್ತೀರಿ. ಮನೆಗೆ ಹೋಗೋವಾಗ ಒಂದು ಗಳಿಗೆ ಬಂದು ಹೋಗ್ರಿ, ಬಾಣಲೆ ಕಾದಾಗಲೇ ನೋಡ್ರಿ."

ಆ ಮನುಷ್ಯ ಬಂದರು. ಸಂಜೆ ಆರೂ ಕಾಲಿಗೆ, ಹೆಲ್ಮೆಟ್ ಕೈಲಿ ಹಿಡಿದುಕೊಂಡು. ಚೆನ್ನಾಗಿ ನೋಡಿದರು. ಹಸಿ ಕಸಕ್ಕೆ, ಒಣ ಕಸಕ್ಕೆ ಬೇರೆ ಬೇರೆ ಬುಟ್ಟಿ ಎಲ್ಲಿ ಅಂದರು. ಸಿಲಿಂಡರ್ ಎಲ್ಲಿಡ್ತೀರಿ, ಹೊಗೆ ಹೋಗೋಕೆ ಫ್ಯಾನ್ ಇದೆಯಾ ಅಂದರು. ಆಮೇಲೆ ಉಳಿದ ಎಣ್ಣೆ ಏನ್ ಮಾಡ್ತೀರಿ ಅಂತ ಕೇಳಿದರು. ಅವ್ವ ನನ್ನ ಮುಖ ನೋಡಿದಳು. ನಿಜ ಹೇಳಬೇಕೆಂದರೆ, ಗಾಡಿ ಕಾಲದಲ್ಲಿ ಕೊನೇ ಎಣ್ಣೆ ಚರಂಡಿಗೇ ಹೋಗುತ್ತಿತ್ತು. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಸಿದರೆ ಅದು ಕೆಡುತ್ತದೆ, ಕೆಟ್ಟದ್ದಕ್ಕೆ ಒಂದು ಅಳತೆ ಇದೆ, ಅದು ಶೇಕಡ 25 ದಾಟಿದರೆ ಬಳಸುವಂತಿಲ್ಲ ಅಂತ 2018ರಿಂದಲೇ ನಿಯಮ ಇದೆ ಅಂತ ವಿವರಿಸಿದರು. ಅಳೆಯೋ ಯಂತ್ರ ನಿಮ್ಮ ಹತ್ರ ಇರಲ್ಲ, ಎಣ್ಣೆ ಕಪ್ಪಾಗಿ ನೊರೆ ಬಂದರೆ ಬಿಟ್ಟುಬಿಡಿ, ಡಬ್ಬಿಗೆ ತುಂಬಿಡಿ, ಚರಂಡಿಗೆ ಮಾತ್ರ ಸುರಿಯಬೇಡಿ, ಮೊದಲು ಕಟ್ಟಿಕೊಳ್ಳೋದು ನಿಮ್ಮ ಮನೆ ಮುಂದಿನ ಚರಂಡಿಯೇ ಅಂದರು. ಮೂವತ್ತು ವರ್ಷ ಎಣ್ಣೆ ಮುಂದೆ ನಿಂತವಳಿಗೆ ಎಣ್ಣೆಯ ಬಗ್ಗೆ ಯಾರಾದರೂ ಹೇಳಿಕೊಟ್ಟದ್ದು ಅದೇ ಮೊದಲು. ಅವ್ವ ಈಗ ಹದಿನೈದು ಲೀಟರಿನ ಡಬ್ಬಿ ಇಟ್ಟಿದ್ದಾಳೆ, ಕೆಂಪು ಬಟ್ಟೆ ಕಟ್ಟಿ.

ಹೊರಡುವಾಗ ಒಂದು ಪ್ಲೇಟ್ ಕೊಟ್ಟಳು. ತಿಂದು, ಕ್ಯೂಆರ್‌ಗೆ ದುಡ್ಡು ಹಾಕಿಯೇ ಹೋದರು. ಸ್ಪೀಕರ್ ಡಬ್ಬಿ ಜೋರಾಗಿ "ಮೂವತ್ತು ರೂಪಾಯಿ ಬಂದಿದೆ" ಅಂತ ಕೂಗಿತು. ಅವ್ವ ಅದನ್ನು ಎಲ್ಲರಿಗೂ ಹೇಳಿಕೊಂಡು ಬಂದಳು.

ಲೈಸೆನ್ಸ್ ಕೈಗೆ ಬಂದದ್ದು 2024ರ ಫೆಬ್ರವರಿ 12ಕ್ಕೆ. ಖುಷಿಯಿಂದ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿ ತಂದೆ. ಆಮೇಲೆ ಅವಧಿ ಓದಿದೆ. ಮಾರ್ಚ್ 31ರವರೆಗೆ! ಲೈಸೆನ್ಸಿನ ವರ್ಷ ಏಪ್ರಿಲ್‌ನಿಂದ ಮಾರ್ಚ್. ಆರು ತಿಂಗಳು ಓಡಾಡಿ ತಂದ ಕಾಗದದ ಆಯಸ್ಸು ನಲವತ್ತೊಂಬತ್ತು ದಿನ. ಮೇಷ್ಟ್ರು ನಕ್ಕಿದ್ದೇ ನಕ್ಕಿದ್ದು.

ಪುಸ್ತಕದ ಕೊನೇ ಪುಟದ ಲೆಕ್ಕ ಹೀಗಿದೆ. ಕಚೇರಿಗೆ ಏಳು ಸಲ, ಮೇಷ್ಟ್ರ ಮನೆಗೆ ನಾಲ್ಕು, ಕಂದಾಯ ಕಟ್ಟುವಲ್ಲಿಗೆ ಎರಡು, ಗ್ಯಾಸ್ ಏಜೆನ್ಸಿಗೆ ಎರಡು, ನೋಟರಿಗೆ ಒಂದು, ಬ್ಯಾಂಕಿಗೆ ಒಂದು. ಮುಚ್ಚಿದ ಶಟರಿಗೆ ಕಟ್ಟಿದ ಬಾಡಿಗೆ ಮೂರು ತಿಂಗಳದ್ದು, 13,500. ನನ್ನ ಅರ್ಧ ದಿನದ ರಜೆಗಳನ್ನು ಬೇರೆ ಬರೆದಿದ್ದೇನೆ, ಅದನ್ನು ಅವ್ವನಿಗೆ ತೋರಿಸಿಲ್ಲ. ಲೈಸೆನ್ಸಿನ ಶುಲ್ಕ ಇವುಗಳಲ್ಲೆಲ್ಲ ಅತಿ ಸಣ್ಣದು.

ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರ ಜನವರಿಯಲ್ಲಿ, ದೇಶದ ಮೊದಲ 20 ಊರುಗಳ ಜೊತೆ. ರಸ್ತೆ ಬಂತು, ದೀಪ ಬಂತು. ದೀಪವನ್ನು ಅವ್ವ ಮೆಚ್ಚುತ್ತಾಳೆ. ಬೆಳಕಿದ್ದರೆ ಹೆಣ್ಣುಮಕ್ಕಳು ರಾತ್ರಿ ಎಂಟೂವರೆಗೂ ನಿಂತು ತಿನ್ನುತ್ತಾರೆ, ಅದು ನೇರವಾಗಿ ಗಲ್ಲಾಪೆಟ್ಟಿಗೆಗೆ ಬರುವ ಮಾತು. ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಊರಿಗೊಂದು ಸಮಿತಿ ಇರಬೇಕು, ಅದರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು ಅಂತಿದೆ. ಅಲ್ಲಿ ಬಾಯಿ ಬಿಡುವ ಅವಕಾಶ ಸಿಕ್ಕರೆ ಏನು ಕೇಳ್ತೀಯಾ ಅಂತ ಒಮ್ಮೆ ಅವ್ವನನ್ನು ಕೇಳಿದೆ. "ವಾರಕ್ಕೊಂದು ದಿನ ಆ ಕೌಂಟರ್ ಸಂಜೆ ಏಳರವರೆಗೆ ತೆಗೀರಿ ಅಂತೀನಿ. ಇಲ್ಲಾಂದ್ರೆ ಭಾನುವಾರ ಬೆಳಿಗ್ಗೆ. ಮತ್ತಿನ್ನೇನು ಕೇಳ್ಲಿ?" ಅಂದಳು.

ನವೀಕರಣ ಮಾತ್ರ ಸುಲಭವಾಯಿತು. ಮಾರ್ಚ್ ಕೊನೇ ವಾರ, ರಾತ್ರಿ ಹನ್ನೊಂದಕ್ಕೆ, ಬಾಣಲೆ ತೊಳೆದಿಟ್ಟ ಮೇಲೆ, ಫೋನಲ್ಲೇ ದುಡ್ಡು ಕಟ್ಟಿದೆ. ಎಲ್ಲಿಗೂ ಹೋಗಲಿಲ್ಲ. ಪುಸ್ತಕದಲ್ಲಿ ಹದಿನೆಂಟನೇ ಗೆರೆ ಬೀಳಲಿಲ್ಲ.

ಮೊನ್ನೆ ಎದುರು ಬದಿ ಪಾನಿಪುರಿ ಗಾಡಿಯ ಹುಡುಗಿ ಬಂದಿದ್ದಳು. ಅವಳಿಗೂ ಒಂದು ಕೋಣೆ ಸಿಕ್ಕಿದೆಯಂತೆ. ಪ್ಲಾಸ್ಟಿಕ್ ಕವರಿನಲ್ಲಿ ಒಂದಷ್ಟು ಕಾಗದ ತಂದು ಕೌಂಟರ್ ಮೇಲಿಟ್ಟಳು, ಅಣ್ಣನಿಗೆ ತೋರಿಸಬೇಕು ಅಂತ. ನಾನಿನ್ನೂ ಕೈ ಒರೆಸಿಕೊಳ್ಳುತ್ತಿದ್ದೆ. ಅವ್ವ ಮಿರ್ಚಿ ತಿರುವಿ ಹಾಕುತ್ತಲೇ ಶುರುಮಾಡಿದಳು.

"ಕಂದಾಯದ ರಸೀದಿ ಈ ವರ್ಷದ್ದೋ ಹೋದ ವರ್ಷದ್ದೋ? ಡೋರ್ ನಂಬರ್ ಹಳೇದಾ ಹೊಸದಾ? ಕೋಣೆ ವಾಸ ಅಂತ ಇದೆಯೋ ಅಂಗಡಿ ಅಂತ ಇದೆಯೋ, ಮಾಲೀಕರನ್ನ ಕೇಳಿದಿಯಾ? ಬುಟ್ಟಿ ಎರಡು ತಗೋ. ಫೋನ್ ನಂಬರ್ ಬರೆಯೋ ಕಡೆ ಸಂಜೆ ನಾಲ್ಕರ ಮೇಲೆ ಬರ್ರಿ ಅಂತ ಈಗಲೇ ಬರೆದುಬಿಡು."